ಸ್ಕ್ರೂ ಸಡಿಲವಾದರೆ ಮೂಳೆಯನ್ನೇ ದೂರಬೇಡಿ

ಮಾನ್ಯ ಸಂಪಾದಕರೇ,

ಹಲ್ಲಿಗೆ ಕ್ಲಿಪ್ ಹಾಕುವ ಚಿಕಿತ್ಸೆಯಲ್ಲಿ ದವಡೆಯ ಮೂಳೆಗೆ ಪುಟ್ಟ ಟೈಟಾನಿಯಂ ಸ್ಕ್ರೂ ಕೂರಿಸುವುದು ಈಗ ಜಿಲ್ಲಾ ಕೇಂದ್ರಗಳಲ್ಲೂ ಸಾಮಾನ್ಯವಾಗಿದೆ. ಅದರೊಂದಿಗೇ, ಸ್ಕ್ರೂ ಅಲುಗಾಡಿದ ಕೂಡಲೇ ‘ನಿಮ್ಮ ಮಗಳ ಮೂಳೆ ದುರ್ಬಲ’ ಎಂದು ಹೇಳಿ ಕ್ಯಾಲ್ಸಿಯಂ ಮಾತ್ರೆ ಬರೆದುಕೊಡುವ ಪರಿಪಾಠವೂ ಬೆಳೆಯುತ್ತಿದೆ. ಇದೇ ವೃತ್ತಿಯವನಾದ ನನಗೆ ಇದು ತೀವ್ರ ಬೇಸರ ತಂದಿದೆ. ಇಂಥದೇ ಮಾತು ಕೇಳಿ ಹೆದರಿದ ತಾಯಿಯೊಬ್ಬರು ಈಚೆಗೆ ಮಗಳ ಸೊಂಟ ಮತ್ತು ಬೆನ್ನುಮೂಳೆಯ ಸಾಂದ್ರತೆಯ ವರದಿಯನ್ನು ಹಿಡಿದು ನನ್ನಲ್ಲಿಗೆ ಬಂದಿದ್ದರು. ಆ ವರದಿಯಿಂದ ಸ್ಕ್ರೂ ಕೂತ ಜಾಗದ ಮೂಳೆ ಹೇಗಿದೆಯೆಂದು ತಿಳಿಯುವುದಿಲ್ಲ.

ಉಬ್ಬುಹಲ್ಲುಗಳನ್ನು ಹಿಂದಕ್ಕೆ ಸರಿಸಲು ದವಡೆಹಲ್ಲುಗಳನ್ನೇ ಆಧಾರವಾಗಿಟ್ಟುಕೊಂಡು ಎಳೆದರೆ, ಅವೂ ಮುಂದಕ್ಕೆ ಜರುಗಿ, ಹಲ್ಲು ತೆಗೆಸಿ ಮಾಡಿಕೊಂಡ ಜಾಗ ಅರ್ಧದಷ್ಟು ವ್ಯರ್ಥವಾಗಬಹುದು. ಇದನ್ನು ತಪ್ಪಿಸಲೆಂದೇ ಸ್ಕ್ರೂ ಬಳಕೆಗೆ ಬಂದದ್ದು. 1983ರಲ್ಲಿ ಅಮೆರಿಕದ ಕ್ರೀಕ್‌ಮೋರ್ ಮತ್ತು ಎಕ್ಲಂಡ್ ಲೋಹದ ಸ್ಕ್ರೂವಿನ ಆಧಾರದಿಂದ ಮೇಲಿನ ಮುಂಹಲ್ಲುಗಳನ್ನು ಮೇಲಕ್ಕೆ ಸರಿಸಿ ತೋರಿಸಿದರು. 1997ರಲ್ಲಿ ಜಪಾನಿನ ಕನೋಮಿ 1.2 ಮಿ.ಮೀ. ದಪ್ಪದ ಸ್ಕ್ರೂವನ್ನು ಪರಿಚಯಿಸಿದರು.

ಹಲ್ಲು ಕಳೆದುಕೊಂಡವರಿಗೆ ಹಾಕುವ ಇಂಪ್ಲಾಂಟ್ ತಿಂಗಳುಗಟ್ಟಲೆ ಕಾದು ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ. ಈ ಸ್ಕ್ರೂ ಹಾಗಲ್ಲ. ಇದು ಮೊದಲ ದಿನ ಮೂಳೆಯನ್ನು ಕಚ್ಚಿ ಹಿಡಿದ ಬಿಗಿಯನ್ನೇ ನೆಚ್ಚಿರುತ್ತದೆ. ಆ ಬಿಗಿಯನ್ನು ಬಹುಪಾಲು ಕೊಡುವುದು ಮೂಳೆಯ ಗಟ್ಟಿಯಾದ ಹೊರಪದರ. ಒಳಗಿನ ಜಾಲರಿಯಂಥ ಮೆದು ಮೂಳೆಯ ಪಾಲು ಕಡಿಮೆ. ಹೊರಪದರ 1 ಮಿ.ಮೀ.ಗಿಂತ ತೆಳುವಾಗಿದ್ದರೆ ಸ್ಕ್ರೂ ಸಡಿಲವಾಗುವ ಸಂಭವ ಹೆಚ್ಚು. ಈ ದಪ್ಪ ಒಬ್ಬನೇ ವ್ಯಕ್ತಿಯ ಬಾಯಲ್ಲೂ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಆದ್ದರಿಂದ ಜಾಗದ ಆಯ್ಕೆಯೇ ಚಿಕಿತ್ಸೆಯ ಅರ್ಧ ಕೆಲಸ ಎಂಬುದು ನನ್ನ ದೃಢ ನಂಬಿಕೆ. ಹದಿಹರೆಯದವರ ಮೂಳೆ ಇನ್ನೂ ಬೆಳೆಯುತ್ತಿದ್ದು ಅಷ್ಟು ಸಾಂದ್ರವಾಗಿರುವುದಿಲ್ಲ; ಅದು ಅವರ ವಯಸ್ಸಿನ ಸಹಜ ಸ್ಥಿತಿಯೇ ಹೊರತು ಕಾಯಿಲೆಯಲ್ಲ.

ಮೂಳೆ ಗಟ್ಟಿಯಿದ್ದಷ್ಟೂ ಒಳ್ಳೆಯದೆಂಬ ಭಾವನೆಯೂ ಪೂರ್ತಿ ನಿಜವಲ್ಲ. ಕೆಳದವಡೆಯ ಮೂಳೆ ಮೇಲ್ದವಡೆಗಿಂತ ದಪ್ಪ ಮತ್ತು ಸಾಂದ್ರ. ಆದರೂ ಹಲವು ಅಧ್ಯಯನಗಳಲ್ಲಿ ಸ್ಕ್ರೂ ಹೆಚ್ಚಾಗಿ ಸೋತಿರುವುದು ಅಲ್ಲಿಯೇ. ಡ್ರೈವರ್ ತಿರುಗಿಸುವಾಗ ಕೈಗೆ ವಿಪರೀತ ಪ್ರತಿರೋಧ ಸಿಕ್ಕರೂ ಬಲವಂತವಾಗಿ ಒತ್ತಿದರೆ ಸುತ್ತಲಿನ ಮೂಳೆಯಲ್ಲಿ ಸೂಕ್ಷ್ಮ ಬಿರುಕುಗಳು ಮೂಡುತ್ತವೆ. ಮೊದಲೇ ರಂಧ್ರ ಕೊರೆಯುವಾಗ ಸಲೈನ್ ಹರಿಸಿ ತಂಪಾಗಿಡದಿದ್ದರೆ ಮೂಳೆ ಕಾಯುತ್ತದೆ. 47 ಡಿಗ್ರಿ ಸೆಲ್ಸಿಯಸ್ ಶಾಖ ಒಂದು ನಿಮಿಷ ತಗುಲಿದರೂ ಮೂಳೆಗೆ ಹಾನಿಯಾಗುತ್ತದೆಂದು 1983ರಲ್ಲೇ ಪ್ರಯೋಗಗಳು ತೋರಿಸಿವೆ. ಹೀಗೆ ನೊಂದ ಮೂಳೆ ಕೆಲವೇ ವಾರಗಳಲ್ಲಿ ಹಿಡಿತ ಬಿಡುತ್ತದೆ. ಇದಲ್ಲದೆ ಸ್ಕ್ರೂ ಹಲ್ಲಿನ ಬೇರಿಗೆ ತಾಗಿರಬಹುದು, ಸುತ್ತಲಿನ ವಸಡು ಬಾತಿರಬಹುದು, ರೋಗಿ ಧೂಮಪಾನಿಯಾಗಿರಬಹುದು. ಇವನ್ನೆಲ್ಲ ಪರಿಶೀಲಿಸದೆ ಮೂಳೆಯ ಮೇಲೆ ತಪ್ಪು ಹೊರಿಸುವುದು ವೈದ್ಯಕ್ಕೆ ಶೋಭೆಯಲ್ಲ.

ನುರಿತ ಕೈಗಳಲ್ಲೂ ನೂರರಲ್ಲಿ ಸುಮಾರು 13–14 ಸ್ಕ್ರೂಗಳು ಸಡಿಲವಾಗುತ್ತವೆಂದು ಪ್ರಕಟಿತ ಅಧ್ಯಯನಗಳ ಒಟ್ಟು ಲೆಕ್ಕ ಹೇಳುತ್ತದೆ. ಸಡಿಲವಾದದ್ದನ್ನು ತೆಗೆದು ಬೇರೆ ಜಾಗದಲ್ಲಿ ಕೂರಿಸಬಹುದು. ತೆಗೆದ ಜಾಗ ಸಾಮಾನ್ಯವಾಗಿ ತಾನಾಗಿಯೇ ಮಾಯುತ್ತದೆ. ಇಷ್ಟನ್ನು ಮೊದಲೇ ತಿಳಿಸಿದರೆ ಪಾಲಕರು ಗಾಬರಿಯಾಗುವುದಿಲ್ಲ. ವೃತ್ತಿಬಾಂಧವರಲ್ಲಿ ನನ್ನ ಕೋರಿಕೆಯಿಷ್ಟೆ: ಸ್ಕ್ರೂ ಸಡಿಲವಾಗುವ ಸಾಧ್ಯತೆಯನ್ನೂ, ಹಾಗಾದಾಗ ಮತ್ತೆ ಕೂರಿಸುವ ಖರ್ಚು ಯಾರದೆಂಬುದನ್ನೂ ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲೇ ನಮೂದಿಸಿ, ಸಹಿ ಪಡೆಯುವ ಮುನ್ನ ಓದಿ ಹೇಳಬೇಕು.

– ಒಬ್ಬ ದಂತವೈದ್ಯ, ದಾವಣಗೆರೆ