ಆಗುಂಬೆಯ ಮಳೆ ಯಾದಗಿರಿಯಲ್ಲಿ ಸುರಿಸಬೇಡ

ಕಲಬುರಗಿ

ಪ್ರೀತಿಯ ತಂಗಿಗೆ, ಶರಣು.

ಬಾಲ್ಯದ ಗಾಳಿ-ಮಳೆಯ ಬಗ್ಗೆ ನೀನು ಕಳಿಸಿದ ಬರಹ ಓದಿದೆ. ಹೆಂಚಿನಿಂದ ಮೂರು ದಿನ ಹನಿ ತೊಟ್ಟಿಕ್ಕುತ್ತದೆ, ಅಂಗಳ ಪಾಚಿಗಟ್ಟುತ್ತದೆ, ಜೀರುಂಡೆ ಕೂಗುತ್ತದೆ. ಊರು ಮಾತ್ರ ಯಾದಗಿರಿ! ಪುಸ್ತಕದಲ್ಲಿ ಓದಿದ ಮಳೆ, ಕಂಡ ಮಳೆಯನ್ನು ನುಂಗಿಬಿಟ್ಟಿದೆ.

ನಮ್ಮ ಕಡೆ ಏಪ್ರಿಲ್-ಮೇ ಮಳೆ ಧೂಳಿನಿಂದ ಶುರುವಾಗುತ್ತದೆ. 42-43 ಡಿಗ್ರಿ ಬಿಸಿಲು. ಮಧ್ಯಾಹ್ನ ಮೂರರ ಮೇಲೆ ಗಾಳಿ ಬಿದ್ದುಹೋಗಿ ಬೆವರೇ ಆರುವುದಿಲ್ಲ. ಆಮೇಲೆ ಒಮ್ಮೆಲೇ ತಣ್ಣನೆಯ ಗಾಳಿ. ಮೋಡದಿಂದ ಇಳಿಯುವ ಮಳೆಯಲ್ಲಿ ಒಂದಿಷ್ಟು ದಾರಿಯಲ್ಲೇ ಆವಿಯಾಗಿ ಗಾಳಿಯನ್ನು ತಂಪು ಮಾಡುತ್ತದೆ; ತಂಪಾದ ಗಾಳಿ ಭಾರವಾಗಿ ಕೆಳಗೆ ಬಿದ್ದು ನೆಲದ ಮೇಲೆ ಹರಡುತ್ತದೆ. ದೂರದ ಹೊಲ ತೊಯ್ದ ವಾಸನೆಯನ್ನು ಅದೇ ಹೊತ್ತು ತರುತ್ತದೆ. ಹಾಗಾಗಿ ನಿನ್ನ ಮನೆಗೆ ವಾಸನೆ ಮೊದಲು, ಹನಿ ಆಮೇಲೆ. ನೀನು ತಿರುಗುಮುರುಗು ಮಾಡಿದ್ದೀ. ಮೊದಲ ಮಳೆಗೇ ಹಳ್ಳ ತುಂಬಿಸಿದ್ದೀ, ಅದೂ ಆಗದ ಮಾತು. ಬಿರುಕು ಬಿಟ್ಟ ಎರೆಹೊಲ ಆ ನೀರನ್ನೆಲ್ಲ ಕುಡಿದುಬಿಡುತ್ತದೆ.

ಸೂರಿನ ತಗಡು, ನಮ್ಮ ಪತ್ರಾಸ್, ‘ಹಾರಿಹೋಯಿತು’ ಎಂದು ಒಂದೇ ಮಾತಿನಲ್ಲಿ ಮುಗಿಸಬೇಡ. ಗಾಳಿ ಸೂರಿನ ಕೆಳಗೆ ನುಗ್ಗುತ್ತದೆ, ಅಂಚಿನ ತಗಡು ಪಟಪಟ ಬಡಿಯುತ್ತದೆ, ಮೊಳೆಯ ತೂತು ಅಗಲವಾಗುತ್ತದೆ, ಭಾರಕ್ಕೆ ಇಟ್ಟ ಫರಸಿ ಕಲ್ಲು ಜಾರುತ್ತದೆ, ಕೀಳುವುದು ಆಮೇಲೆ. ಆ ಜಾರುವ ಸದ್ದಿನಲ್ಲೇ ಭಯವಿದೆ. ಮಣ್ಣಿನ ಮಾಳಿಗೆಗೆ ಗಾಳಿಯ ಅಂಜಿಕೆ ಇಲ್ಲ, ಜಡಿಮಳೆಯದು ಇದೆ. ಮಣ್ಣು ನೀರು ಕುಡಿದು ತೂಕ ಹೆಚ್ಚಿ ಜಂತಿ ಬಾಗುತ್ತದೆ. ನೆನೆದ ಗೋಡೆ ಎಷ್ಟೋ ಸಲ ಬೀಳುವುದು ಮಳೆ ನಿಂತು ಬಿಸಿಲು ಬಿದ್ದ ದಿನ.

ಸಿಡಿಲು ‘ಹತ್ತಿರದಲ್ಲೇ’ ಎಂದರೆ ಎಷ್ಟು ಹತ್ತಿರ? ಮಿಂಚಿಗೂ ಗುಡುಗಿಗೂ ನಡುವಿನ ಎಣಿಕೆ ಕೊಡು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಒಂಬತ್ತು, ಆರು, ಮೂರು ಅಂತ ಇಳಿಯುತ್ತ ಬಂದರೆ ‘ಭಯಂಕರ’ ಎಂಬ ಪದದ ಖರ್ಚು ಉಳಿಯುತ್ತದೆ.

ಆಣೆಕಲ್ಲನ್ನು ಶ್ರಾವಣದಲ್ಲಿ ಸುರಿಸಿದ್ದೀ. ನಮ್ಮಲ್ಲಿ ಅದು ಬೇಸಿಗೆಯದು. 2014ರ ಮಾರ್ಚ್‌ನಲ್ಲಿ ಬೀದರ್, ಕಲಬುರಗಿ ಕಡೆ ಬಿದ್ದದ್ದನ್ನು ಜನ ಇನ್ನೂ ಮರೆತಿಲ್ಲ. ಮಾರ್ಚ್ ಎಂದರೆ ಬಿಳಿಜೋಳದ ರಾಶಿಯ ಹೊತ್ತು, ಮಾವು ಮಿಡಿಗಟ್ಟುವ ಹೊತ್ತು. ತಿಂಗಳು ತಪ್ಪಿದರೆ ಏನು ಹಾಳಾಯಿತು ಎಂಬುದೂ ತಪ್ಪುತ್ತದೆ. ದೊಡ್ಡ ಆಣೆಕಲ್ಲು ಒಡೆದರೆ ಈರುಳ್ಳಿಯಂತೆ ಪದರ, ಒಂದು ಬೆಳ್ಳಗೆ, ಒಂದು ತಿಳಿ.

ಭೀಮೆಯ ಮಹಾಪೂರ ಬರೆಯುವಾಗ ಆಕಾಶ ನೋಡುತ್ತ ಕೂರಬೇಡ. 2020ರ ಅಕ್ಟೋಬರ್‌ನಲ್ಲಿ, ಚಿತ್ತಿ ಮಳೆಯಲ್ಲಿ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ 13ರಂದು ಆಂಧ್ರದ ದಂಡೆ ದಾಟಿ ಇತ್ತ ಬಂತು. ಇಲ್ಲಿ ಮಳೆ ಕಡಿಮೆಯಾದ ಮೇಲೂ ಮಹಾರಾಷ್ಟ್ರದ ಉಜನಿ, ವೀರ್ ಜಲಾಶಯಗಳ ನೀರು ಸೊನ್ನ ಬ್ಯಾರೇಜ್ ದಾಟಿ ಬರುತ್ತಲೇ ಇತ್ತು. ಆಕಾಶ ತಿಳಿಯಾಗುತ್ತಿದ್ದರೂ ಹೊಳೆ ಏರುತ್ತಿತ್ತು.

ತಿದ್ದುವ ಮೊದಲು ಅವ್ವನನ್ನು ಕೇಳು: ಅದು ಯಾವ ಮಳೆ, ಹೊಲದಲ್ಲಿ ಏನಿತ್ತು, ಬೆಳಕಿಂಡಿ ಮುಚ್ಚಲು ಮಾಳಿಗೆ ಹತ್ತಿದವರು ಯಾರು?

ಇತಿ,
ನಿನ್ನ ಅಕ್ಕ