ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಕ್ಕನಿಗೆ

ನಿಮ್ಮ ಹೆಸರು ಕೇಳಲೂ ನನಗೆ ತೋಚಲಿಲ್ಲ ಅಕ್ಕಾ. ತೂಕ ಇಳಿಸೋಕೆ ಆಪರೇಷನ್ ಮಾಡಿಸಿ, ಜಠರದ ಮುಕ್ಕಾಲು ಭಾಗ ತೆಗೆಸಿಕೊಂಡು 2 ವರ್ಷವಾಗಿತ್ತು. ಇಳಿದಿದ್ದರಲ್ಲಿ 6 ಕೆಜಿ ಸದ್ದಿಲ್ಲದೆ ವಾಪಸ್ ಬಂದಿತ್ತು. ಡಾಕ್ಟರಿಗೆ ಮುಖ ತೋರಿಸಲು ನಾಚಿಕೆಯಾಗಿ ಎದ್ದು ಹೊರಟಿದ್ದೆ. "ಕೂತ್ಕೊಳ್ಳಿ, ನನಗೆ ಹನ್ನೊಂದು ಬಂದಿತ್ತು" ಅಂದಿರಿ.

ಊಟ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನೀವು ಕೇಳಿದ್ದು, "ಊಟದ ನಡುವೆ ಏನೇನು ಬಾಯಿಗೆ ಹಾಕ್ತೀರಿ?" ಅಲ್ಲೇ ಸಿಕ್ಕಿಬಿದ್ದೆ. ಒಂದು ತಟ್ಟೆ ಹಿಡಿಸದ ಹೊಟ್ಟೆಯಲ್ಲೂ ದಿನವಿಡೀ ಚೂರುಚೂರು ಕುರುಕಲು, ಸಿಹಿ ಪಾನೀಯ ಸಲೀಸಾಗಿ ಇಳಿಯುತ್ತವಲ್ಲ! ತಟ್ಟೆಯಲ್ಲಿ ಮೊದಲು ಪ್ರೋಟೀನ್, ದಿನಕ್ಕೆ 60 ಗ್ರಾಮಾದರೂ. ಉಂಡ ಮೇಲೆ ಅರ್ಧ ಗಂಟೆ ನೀರು ಬೇಡ. ಸ್ನಾಯು ಕರಗದಂತೆ ಸ್ವಲ್ಪ ಭಾರ ಎತ್ತುವುದು. ನೀವು ಬರೆದುಕೊಟ್ಟ ಚೀಟಿ ಇನ್ನೂ ಫ್ರಿಜ್ ಮೇಲಿದೆ. ವಿಟಮಿನ್ ಬಿ12 ಮಾತ್ರೆ ಬಿಟ್ಟಿದ್ದೇನೆ ಅಂದಾಗ ಮಾತ್ರ ಚೆನ್ನಾಗಿ ಬೈದಿರಿ. ಬೇಕಿತ್ತು ಬಿಡಿ, ಅದು ಜೀವನಪೂರ್ತಿ ನುಂಗಬೇಕಾದದ್ದು.

ಅವತ್ತು ಎದ್ದು ಹೋಗಿದ್ದರೆ ಮತ್ತೆ ಆ ಬಾಗಿಲು ತುಳಿಯುತ್ತಿರಲಿಲ್ಲ. ಬಂದ 6ರಲ್ಲಿ 4 ಹೋಗಿವೆ, ಉಳಿದೆರಡು ನನ್ನ ಜೊತೆಗೇ ಇವೆ. ಇದು ನಿಮ್ಮ ಕಣ್ಣಿಗೆ ಬಿದ್ದರೆ, ಥ್ಯಾಂಕ್ಸ್ ಅಕ್ಕಾ. ಆ ಪೆನ್ನು ನನ್ನ ಹತ್ತಿರವೇ ಉಳಿದುಬಿಟ್ಟಿದೆ.