ಟಯರ್ ಕೇಳಿದವನಿಗೆ ಸ್ಟೇಜ್ 1 (ಎಂಜಿನ್ ಪವರ್ ಏರಿಸುವ ಕೆಲಸ) ಮಾರಿದ ಬಗ್ಗೆ ದೂರು

ಗೆ,
ಮ್ಯಾನೇಜರ್ ಅವರಿಗೆ, ಬೆಂಗಳೂರು
(ಅಂಗಡಿಯ ಹೆಸರು ಬರೆಯುವುದಿಲ್ಲ. ನಿಮ್ಮ ಗೋಡೆ ಮೇಲೆ ಕೆಂಪು ಲೈಟಿನಲ್ಲಿ ಇದೆ, ನೋಡಿಕೊಳ್ಳಿ.)

ಇಂದ,
ಮಡಿಕೇರಿ ತಾಲೂಕಿನ ಒಬ್ಬ ಕಾಫಿ ಬೆಳೆಗಾರ. ನಿಮ್ಮ ಜಾಬ್ ಕಾರ್ಡಿನಲ್ಲಿ ನನ್ನ ಹೆಸರು "ಅಂಕಲ್".

ವಿಷಯ: 2014ರ ಬಿಎಂಡಬ್ಲ್ಯು ಝಡ್4 ಕಾರಿಗೆ ಹೇಳಿದ ಕೆಲಸ ಮಾಡದೆ, ಹೇಳದ ಕೆಲಸ ಮಾಡಿ, ಮಾಡದ ಕೆಲಸಕ್ಕೂ ದುಡ್ಡು ತಗೊಂಡ ಬಗ್ಗೆ.

ಸ್ವಾಮಿ,

ಆರು ಸಲ ಫೋನ್ ಮಾಡಿದ್ದೇನೆ. ಆರೂ ಸಲ ಮರ್ಯಾದೆಯಿಂದಲೇ ಮಾತಾಡಿದ್ದೇನೆ. ಆರನೇ ಸಲ ನಿಮ್ಮ ಕಡೆಯ ಹುಡುಗಿ, "ಸಾರ್, ನಿಮ್ಮ ದೂರು ಕ್ಲೋಸ್ ಆಗಿದೆ, ಕಸ್ಟಮರ್ ಐದು ಸ್ಟಾರ್ ಕೊಟ್ಟಿದ್ದಾರೆ" ಅಂದಳು. ಆ ಕಸ್ಟಮರ್ ನಾನೇ ಕಣಮ್ಮಾ, ನಾನು ಒಂದು ಸ್ಟಾರನ್ನೂ ಕೊಟ್ಟಿಲ್ಲ ಅಂದೆ. "ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಿದೆ ಸಾರ್" ಅಂತ ಫೋನ್ ಇಟ್ಟಳು. ಆ ಸ್ಟಾರ್ ಯಾರು ಕೊಟ್ಟಿದ್ದು ಅನ್ನುವುದು ಆಮೇಲೆ ಗೊತ್ತಾಯಿತು, ಅದಕ್ಕೂ ಬರುತ್ತೇನೆ. ಫೋನಿನ ಕಾಲ ಮುಗಿಯಿತು ಅಂತ ಈ ಪತ್ರ.

ನಾನು ಕೇಳಿದ್ದು ಏನು ಅನ್ನುವುದು ಮೊದಲು. ಕಾರು ಸೆಕೆಂಡ್ ಹ್ಯಾಂಡ್. ಮೂರು ಲೀಟರ್ ಎಂಜಿನ್, ಎರಡು ಟರ್ಬೊ, 306 ಕುದುರೆಯ ಪವರ್, ಎಳೆಯುವುದು ಹಿಂದಿನ ಚಕ್ರ. ಓಡುವುದು ಕೊಡಗಿನಲ್ಲಿ. ಮೇ ಕೊನೆಗೆ ಶುರುವಾದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ, ರಸ್ತೆ ಮೇಲೆ ಪಾಚಿ, ಸಿಲ್ವರ್ ಓಕ್ ಎಲೆ, ಕೆಂಪು ಮಣ್ಣು ಮೂರೂ ಒಟ್ಟಿಗೆ ಇರುತ್ತವೆ. ಇಂಥ ಕಡೆ ಈ ಕಾರಿಗೆ ಕಮ್ಮಿ ಇರುವುದು ಪವರ್ ಅಲ್ಲ. ಮೊದಲು ಬೇಕಾದ್ದು ಟಯರ್. ಕಾರಿನ ಜೊತೆ ಬಂದಿದ್ದು ರನ್‌ಫ್ಲ್ಯಾಟ್ ಟಯರ್, ಗಾಳಿ ಹೋದರೂ 80ರ ಸ್ಪೀಡಿನಲ್ಲಿ 80 ಕಿಲೋಮೀಟರ್ ಓಡುತ್ತದೆ ನಿಜ, ಆದರೆ ಪಕ್ಕದ ಗೋಡೆ ಕಲ್ಲಿನ ಹಾಗೆ ಗಟ್ಟಿ. ಮೇಲಾಗಿ ಪಕ್ಕದಲ್ಲಿ 3217 ಅಂತ ಅಚ್ಚು ಇತ್ತು. ನಿಮಗೆ ಗೊತ್ತಿರಬೇಕು, 2017ರ 32ನೇ ವಾರದ ಟಯರ್ ಅಂತ. ರಬ್ಬರ್ ಒಣಗಿ ಹಪ್ಪಳ ಆಗಿತ್ತು.

ಹಾಗಾಗಿ ಮುಂದೆ 225/40, ಹಿಂದೆ 255/35, ಎರಡೂ 18 ಇಂಚು, ಒಳ್ಳೆಯ ಮಾಮೂಲಿ ಟಯರ್. ಪಂಕ್ಚರ್ ಕಿಟ್ ನಾನೇ ಇಟ್ಟುಕೊಳ್ಳುತ್ತೇನೆ ಅಂದಿದ್ದೆ, ಯಾಕೆಂದರೆ ಈ ಕಾರಿಗೆ ಸ್ಟೆಪ್ನಿ ಇಲ್ಲ. ಆಮೇಲೆ ಬ್ರೇಕ್ ಪ್ಯಾಡ್. ಆಮೇಲೆ ಹೊಸ ಡಾಟ್ 4 ಬ್ರೇಕ್ ಆಯಿಲ್. ಕೊನೆಗೆ ವೀಲ್ ಅಲೈನ್‌ಮೆಂಟ್. ಪವರ್ ಏನಿದ್ದರೂ ಮುಂದಿನ ವರ್ಷ, ಕಾಫಿ ರೇಟ್ ನೋಡಿಕೊಂಡು. ಇಷ್ಟೇ. ನಿಮ್ಮ ಎಸ್ಟಿಮೇಟ್ 1,38,000 ಬಂತು, ಸಹಿ ಹಾಕಿದೆ. ಎಸ್ಟಿಮೇಟ್‌ಗಿಂತ ಹೆಚ್ಚಿನ ಕೆಲಸಕ್ಕೆ ಏನು ಮಾಡಬೇಕು ಅಂತ ಅದರ ಹಿಂದೆ ಏಳನೇ ಷರತ್ತಿನಲ್ಲಿ ನೀವೇ ಅಚ್ಚು ಹಾಕಿಸಿದ್ದೀರಿ. ನಿಮ್ಮದೇ ಷರತ್ತು, ನಿಮಗೆ ಬಾಯಿಪಾಠ ಇರುತ್ತದೆ, ನಾನು ಓದಿ ಹೇಳಬೇಕಾಗಿಲ್ಲ ಅಲ್ವಾ.

ಈಗ ಆ ಬೆಳಗ್ಗೆಯ ವಿಷಯ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಮನೆಯವಳೂ ಬೇಡ ಅಂದಳು. ಆದರೆ ಎರಡು ತಿಂಗಳಿಂದ ತೋಟದಲ್ಲಿ ಒಬ್ಬನೇ ಓಡಾಡುವಾಗಲೆಲ್ಲ ಅದೇ ತಲೆಯಲ್ಲಿ ಓಡುತ್ತದೆ, ಬರೆದೇ ಬಿಡುತ್ತೇನೆ.

ಬೆಳಗ್ಗೆ ಐದಕ್ಕೆ ಮನೆ ಬಿಟ್ಟು, 11 ಗಂಟೆ 20 ನಿಮಿಷಕ್ಕೆ ನಿಮ್ಮ ಅಂಗಡಿಗೆ ಬಂದೆವು. ನಾನು ಮತ್ತು ನನ್ನ ಅಕ್ಕನ ಮಗ. ಅವನಿಗೆ 19 ವರ್ಷ, ಮೈಸೂರಿನಲ್ಲಿ ಓದುತ್ತಾನೆ, ತಲೆ ಮೇಲೆ ಉಲ್ಟಾ ಟೋಪಿ. ನಾನು ಹೊರಡುವ ಮೊದಲು ತೋಟದ ಪಂಪ್ ಆಫ್ ಮಾಡಲು ಇಳಿದಿದ್ದೆ, ಗಂಬೂಟಿನಲ್ಲೇ ಬಂದುಬಿಟ್ಟೆ, ಬೂಟಿಗೆ ಒಂದಿಷ್ಟು ಮಣ್ಣು ಇತ್ತು. ಒಪ್ಪುತ್ತೇನೆ. ನಿಮ್ಮ ಸಲಹೆಗಾರ ಹುಡುಗ, ಎಡಗೈಗೆ ಕಪ್ಪು ಗ್ಲೌಸ್, ಬಲಗೈಗೆ ಇಲ್ಲ, ಯಾಕೋ ಗೊತ್ತಿಲ್ಲ, ನೆಟ್ಟಗೆ ಬಂದು ಅಕ್ಕನ ಮಗನ ಕೈ ಕುಲುಕಿ, "ವೆಲ್‌ಕಂ ಬ್ರೋ, ಸೂಪರ್ ಗಾಡಿ" ಅಂದ. ಆಮೇಲೆ ನನ್ನ ಬೂಟು ನೋಡಿ, "ಡ್ರೈವರ್, ಗಾಡಿ ಸ್ವಲ್ಪ ಸೈಡಿಗೆ ಹಾಕ್ಬಿಡಿ" ಅಂದ. ನಾನು ಸೈಡಿಗೆ ಹಾಕಿದೆ. ಹಾಕಿ ಬಂದೆ. ಯಾಕೆ ಹಾಕಿದೆ ಅಂತ ನನಗೆ ಈಗಲೂ ಅರ್ಥ ಆಗಿಲ್ಲ.

ವಾಪಸ್ ಬರುವಷ್ಟರಲ್ಲಿ ಅಕ್ಕನ ಮಗ ಸೋಫಾದಲ್ಲಿ ಕೂತಿದ್ದ, ಅವನ ಕೈಯಲ್ಲಿ ಕಾಫಿ. ನನಗೆ ಹಳೆ ಟಯರ್ ರಾಶಿ ಪಕ್ಕ ಒಂದು ಪ್ಲಾಸ್ಟಿಕ್ ಸ್ಟೂಲ್ ತೋರಿಸಿದರು. ಕಾಫಿ ಬರಲಿಲ್ಲ. ಕಾಫಿ ಬೆಳೆಯುವವನಿಗೆ ಕಾಫಿ ಬರಲಿಲ್ಲ ಅಂತ ಕೊರಗುತ್ತಿಲ್ಲ, ಆ ಮಷೀನ್ ಕಾಫಿಯ ವಾಸನೆಗೇ ಗೊತ್ತಾಯಿತು, ಬಾರದ್ದೇ ಒಳ್ಳೆಯದಾಯಿತು. "ಕಾರು ನನ್ನದು" ಅಂದೆ. ಒಂದು ಸಲ ಅಲ್ಲ, ಎರಡು ಸಲ. "ಓ, ಓಕೆ ಅಂಕಲ್" ಅಂದ ನಿಮ್ಮ ಸಲಹೆಗಾರ, ಮತ್ತೆ ಅಕ್ಕನ ಮಗನ ಕಡೆಯೇ ತಿರುಗಿದ. ಟಯರ್ ಅಂದೆ. "ಬ್ರೋ, ಟಯರ್‌ಗೆ ದುಡ್ಡು ಹಾಕಿದ್ರೆ ಯಾರಿಗೆ ಕಾಣುತ್ತೆ? ಸ್ಟೇಜ್ 1 ಹಾಕ್ಸಿ, 360ರ ಹತ್ತಿರ ಬರುತ್ತೆ" ಅಂತ ಅವನಿಗೆ ಹೇಳಿದ. ನಾನು ಬ್ರೇಕ್ ಆಯಿಲ್ ಬಗ್ಗೆ ಹೇಳಿದೆ. ಅದು ಗಾಳಿಯ ನೀರು ಹೀರುತ್ತದೆ, ಡಾಟ್ 4 ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯುವುದಿಲ್ಲ, ನೀರು ಸೇರಿದ ಮೇಲೆ 155ಕ್ಕೇ ಕುದಿಯಬಹುದು, ಮಡಿಕೇರಿಯಿಂದ ಸಂಪಾಜೆವರೆಗೆ ಘಾಟಿ ಇಳಿಯುವಾಗ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ ಅಂತ. ಅವನು ಪೂರ್ತಿ ಕೇಳಿದ, ಇಲ್ಲ ಅನ್ನುವುದಿಲ್ಲ. ಕೇಳಿ ಹುಡುಗನಿಗೆ, "ಅಂಕಲ್ ತುಂಬಾ ಯೂಟ್ಯೂಬ್ ನೋಡ್ತಾರಾ ಬ್ರೋ?" ಅಂದ. ಪಕ್ಕದಲ್ಲಿ ಸ್ಪ್ಯಾನರ್ ಹಿಡಿದಿದ್ದ ಇಬ್ಬರು ನಕ್ಕರು. ನನ್ನ ಅಕ್ಕನ ಮಗನೂ ನಕ್ಕ. ಆಮೇಲೆ "ಬಿಡಿ ಮಾವ" ಅಂದ. ನಾನು ಬಿಟ್ಟೆ. ಆ ಗ್ಲೌಸ್ ಹುಡುಗ ಜಾಬ್ ಕಾರ್ಡ್ ತುಂಬುವಾಗ ಫೋನ್ ನಂಬರ್ ಕೇಳಿದ್ದು ಯಾರನ್ನು ಅಂತ ನೀವೇ ಊಹಿಸಿ.

ಆರ್‌ಸಿಯಲ್ಲಿ ನನ್ನ ಹೆಸರು. ಎಸ್ಟಿಮೇಟ್ ಮೇಲೆ ನನ್ನ ಸಹಿ. ಕಾರ್ಡಿನಲ್ಲಿ ಅಕ್ಕನ ಮಗನ ನಂಬರ್. ಎರಡು ದಿನ ಬಿಟ್ಟು ಅವನ ವಾಟ್ಸಾಪಿಗೆ ನಿಮ್ಮ ಮೆಸೇಜ್ ಹೋಗಿದೆ: ಟಯರ್ ಸ್ಟಾಕ್ ಇಲ್ಲ, ಬದಲಿಗೆ ಸ್ಟೇಜ್ 1, ಎಕ್ಸಾಸ್ಟ್, 25 ಮಿಲಿಮೀಟರ್ ತಗ್ಗಿಸುವ ಸ್ಪ್ರಿಂಗ್, ಓಕೆನಾ? ಅವನು ಹೆಬ್ಬೆರಳು ಒತ್ತಿದ್ದಾನೆ. ಹಳದಿ ಬಣ್ಣದ ಒಂದು ಹೆಬ್ಬೆರಳಿಗೆ 1,85,000 ರೂಪಾಯಿ. ಐದು ಸ್ಟಾರ್ ಒತ್ತಿದ್ದೂ ಅದೇ ಬೆರಳು. ಅವನಿಗೆ ಮನೆಯಲ್ಲಿ ಆಗಬೇಕಾದ ಪೂಜೆ ಆಗಿದೆ, ಅದು ನಮ್ಮ ಮನೆ ವಿಷಯ. ನಿಮ್ಮ ವಿಷಯ ಏಳನೇ ಷರತ್ತು.

ಕಾರು ತರಲು ಹೋದಾಗ ಬಿಲ್ 2,34,000. ಬಿಲ್ ಕಟ್ಟಿದರೆ ಕೀ, ಇಲ್ಲದಿದ್ದರೆ ಇಲ್ಲ ಅಂದಿರಿ. ಕಟ್ಟಿದೆ. ಮಳೆ ಶುರುವಾಗಿತ್ತು, ಕಾರು ಬೆಂಗಳೂರಿನಲ್ಲಿ ಬಿಟ್ಟು ಬಸ್ಸಿನಲ್ಲಿ ಬರುವ ಮನಸ್ಸಾಗಲಿಲ್ಲ.

ಅಂದರೆ ಟಯರ್ ಹಾಕಿ ಅಂದವನಿಗೆ, ಅದೇ ಹಪ್ಪಳದ ಟಯರ್ ಮೇಲೆ ಇನ್ನೂ ಐವತ್ತು ಕುದುರೆ ಹತ್ತಿಸಿ, ಮಳೆಗಾಲದಲ್ಲಿ ಕೊಡಗಿಗೆ ಕಳಿಸಿದ್ದೀರಿ. ಬಹಳ ಉಪಕಾರ ಆಯಿತು. ಸ್ಪ್ರಿಂಗ್ ಹಾಕಿದ ಮೇಲೆ ಅಲೈನ್‌ಮೆಂಟ್ ಮಾಡಲೇಬೇಕು, ಅದು ಎಸ್ಟಿಮೇಟ್‌ನಲ್ಲೂ ಇತ್ತು, ಮಾಡಿಲ್ಲ. ಸ್ಟೇರಿಂಗ್ ಎಡಕ್ಕೆ ಎಳೆಯುತ್ತದೆ, ಹಿಂದಿನ ಟಯರ್ ಒಳಗಡೆ ಸವೆದಿದೆ. ನಮ್ಮ ಗೇಟಿನ ಹತ್ತಿರದ ಕಾಂಕ್ರೀಟ್ ಏರಿನಲ್ಲಿ ದಿನಾ ಹೊಟ್ಟೆ ಉಜ್ಜುತ್ತದೆ, ಆ ಶಬ್ದಕ್ಕೆ ನಾಯಿ ಎದ್ದು ಬರುತ್ತದೆ, ಈಗ ಅದಕ್ಕೂ ಅಭ್ಯಾಸ ಆಗಿದೆ. ಸ್ಟೇಜ್ 1ರ ಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿಗೆ ಹಾಕಿದ ಪ್ರೋಗ್ರಾಂ, ಬರೆದಿರುವುದು 100 ಆಕ್ಟೇನ್ ಪೆಟ್ರೋಲಿಗೆ ಅಂತ ನಿಮ್ಮ ಶೀಟೇ ಹೇಳುತ್ತದೆ. ದೊಡ್ಡ ಸಿಟಿಗಳ ಕೆಲವೇ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್ ಅದು. ಊರು ಯಾವುದು ಅಂತ ಕೇಳಿದ್ದರೆ ಹೇಳುತ್ತಿದ್ದೆ, ಕೇಳಿದ್ದು "ಅಲ್ಲೆಲ್ಲ ರೋಡ್ ಇದೆಯಾ ಬ್ರೋ" ಅಂತ ಮಾತ್ರ.

ಜುಲೈ ಕೊನೆಯಲ್ಲಿ ಸುಳ್ಯಕ್ಕೆ ಹೋಗಿ ವಾಪಸ್ ಬರುವಾಗ, ಸಂಪಾಜೆ ದಾಟಿ ಘಾಟಿ ಹತ್ತುತ್ತಾ, ಜೋಡುಪಾಲ ಕಳೆದು ಸ್ವಲ್ಪ ಮೇಲೆ, ಒಂದು ಲಾರಿಯನ್ನು ಓವರ್‌ಟೇಕ್ ಮಾಡಲು ಕಾಲು ಒತ್ತಿದೆ. ಬಾನೆಟ್ ಒಳಗೆ ಪಟಾಕಿ ಹೊಡೆದ ಹಾಗೆ ಒಂದು ಶಬ್ದ. ಅಷ್ಟೇ, ಎಳೆತ ಪೂರ್ತಿ ಹೋಯಿತು. ಲಾರಿ ಪಕ್ಕದಲ್ಲಿ, ಎದುರಿಗೆ ತಿರುವು. ಬ್ರೇಕ್ ಹಿಡಿದರೆ ಪೆಡಲ್ ಕೊಳೆತ ಹಲಸಿನ ಹಣ್ಣು ತುಳಿದ ಹಾಗೆ. ಹೇಗೋ ಹಿಂದೆ ಸರಿದು ಬದಿಗೆ ಹಾಕಿದೆ. ಟರ್ಬೊದ ಗಾಳಿ ಎಂಜಿನ್ನಿಗೆ ಹೋಗುವ ಪ್ಲಾಸ್ಟಿಕ್ ಪೈಪ್ ಒಡೆದಿತ್ತು. ಕಂಪನಿ ಇಟ್ಟ ಪ್ರೆಶರಿಗೆ ಆ ಪೈಪ್ ಸಾಕು. ಸ್ಟೇಜ್ 1 ಹಾಕಿ ಆ ಪ್ರೆಶರ್ ಏರಿಸುವವರು ಮೊದಲು ಅದನ್ನು ಅಲ್ಯೂಮಿನಿಯಂ ಪೈಪಿಗೆ ಬದಲಾಯಿಸುತ್ತಾರೆ, ಇದು ಈ ಎಂಜಿನ್ ಮುಟ್ಟಿದವರಿಗೆಲ್ಲ ಗೊತ್ತಿರುವ ಮಾತು, ಸುಮ್ನೆ ಯೂಟ್ಯೂಬ್ ನೋಡುವ ಅಂಕಲ್‌ಗೂ ಗೊತ್ತು. ಡಬಲ್ ಕ್ಲಚ್ ಆಟೊಮ್ಯಾಟಿಕ್ ಗೇರಿನ ಗಾಡಿ, ಹಿಂದಿನ ಚಕ್ರ ಉರುಳಿಸುತ್ತಾ ಹಗ್ಗ ಕಟ್ಟಿ ಎಳೆಯುವ ಹಾಗಿಲ್ಲ. ಮಡಿಕೇರಿಯಿಂದ ಗಾಡಿ ಹೊತ್ತೊಯ್ಯುವ ಲಾರಿ ಬರುವವರೆಗೆ ಮೂರು ಗಂಟೆ ಕಾಲ ಮಳೆಯಲ್ಲಿ, 2018ರಲ್ಲಿ ಗುಡ್ಡ ಜಾರಿದ ಅದೇ ಜಾಗದ ಹತ್ತಿರ, ಮೇಲಿನ ಮಣ್ಣು ನೋಡುತ್ತಾ ನಿಂತಿದ್ದೆ. ಲಾರಿಗೆ 6,500.

ಮೂರ್ನಾಡಿನಲ್ಲಿ ನಮ್ಮ ಮೆಕ್ಯಾನಿಕ್ ಚಕ್ರ ಬಿಚ್ಚಿದ. ಅವನ ಹತ್ತಿರ ಸೋಫಾ ಇಲ್ಲ. ಪ್ಯಾಡ್ ಹೊಸದು, ಅದಕ್ಕೆ ಧನ್ಯವಾದ. ಬ್ರೇಕ್ ಆಯಿಲ್ ಮಾತ್ರ ಕಷಾಯದ ಬಣ್ಣ. ನಾಲ್ಕೂ ಚಕ್ರದಲ್ಲಿ ಹಳೆ ಆಯಿಲ್ ಹೊರಬಿಡುವ ಬ್ಲೀಡ್ ನಿಪ್ಪಲ್ ಮೇಲಿನ ರಬ್ಬರ್ ಟೋಪಿಯಲ್ಲಿ ವರ್ಷಗಳ ಮಣ್ಣು ಗಟ್ಟಿಯಾಗಿ ಕೂತಿದೆ, ಯಾರೂ ಮುಟ್ಟಿಲ್ಲ. ನಿಮ್ಮ ಬಿಲ್ಲಿನಲ್ಲಿ "ಬ್ರೇಕ್ ಆಯಿಲ್ ಬದಲಾವಣೆ, 3,200". ಫೋಟೊ ಇದೆ, ವಿಡಿಯೊ ಇದೆ, ಹಳೆ ಆಯಿಲ್ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಇದೆ. ಬೇರೆ ಎಲ್ಲವನ್ನೂ ಒಂದು ವೇಳೆ ಮರೆತರೂ ಈ 3,200 ಮರೆಯುವುದಿಲ್ಲ. ಎಕ್ಸಾಸ್ಟ್ ಮಾರಿದ್ದು ವ್ಯಾಪಾರ. ಘಾಟಿಯಲ್ಲಿ ಓಡುವ ಕಾರಿನ ಬ್ರೇಕ್ ಆಯಿಲ್ ಹಾಕದೆ ಹಾಕಿದ್ದೇನೆ ಅಂತ ಬರೆದಿದ್ದಕ್ಕೆ ಏನು ಹೆಸರು ಅಂತ ನೀವೇ ಹೇಳಿ.

ಬೇಕಾದ್ದು ಇಷ್ಟು. ಒಪ್ಪಿಗೆ ಇಲ್ಲದೆ ಮಾಡಿದ ಮೂರು ಕೆಲಸದ 1,85,000, ಆ 3,200, ಲಾರಿಯ 6,500, ಹೊಸ ಪೈಪಿನ ದುಡ್ಡು. ನನ್ನ ಹಳೆ ಮ್ಯಾಪಿನ ಫೈಲ್ ಮತ್ತು ಹಳೆ ಸ್ಪ್ರಿಂಗ್, ಎಕ್ಸಾಸ್ಟ್ ವಾಪಸ್. ಅವನ್ನು ಎಷ್ಟು ದಿನ ಇಟ್ಟಿರಬೇಕು ಅನ್ನುವುದು ನಿಮ್ಮ ಹನ್ನೊಂದನೇ ಷರತ್ತು.

ಹದಿನೈದು ದಿನ ಕೊಡುತ್ತೇನೆ. ಆಮೇಲೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಪ್ರಕಾರ ನಾನು ಇರುವ ಊರಿನಲ್ಲೇ ಕೇಸ್ ಹಾಕಬಹುದು, ನಾನು ಬೆಂಗಳೂರಿಗೆ ಬರಬೇಕಿಲ್ಲ, ನೀವೇ ಇಲ್ಲಿಗೆ ಬರಬೇಕು. ಐದು ಲಕ್ಷದವರೆಗೆ ಫೀಸೂ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ರೋಡ್ ಇದೆ, ಬನ್ನಿ. ಅಷ್ಟಕ್ಕೂ ಬಗ್ಗದಿದ್ದರೆ ಆರ್‌ಟಿಒ ಹತ್ತಿರ ನಾನೇ ಕಾರು ತಗೊಂಡು ಹೋಗಿ ನಿಲ್ಲಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, 182ಎ, ಒಂದೊಂದು ಬದಲಾವಣೆಗೆ 5,000 ದಂಡ. ಬೀಳುವುದು ಮಾಲೀಕನಿಗೇ ಅಂತ ಗೊತ್ತು, ಜೈಲೂ ಇದೆ ಅಂತಲೂ ಗೊತ್ತು, ಮನೆಯವಳು ಇದನ್ನೇ ಹೇಳಿ ತಲೆ ಚಚ್ಚಿಕೊಂಡಳು. ಪರವಾಗಿಲ್ಲ, ಕಟ್ಟುತ್ತೇನೆ. ಇದನ್ನು ಮಾಡಿದ್ದು ಯಾವ ಅಂಗಡಿ ಅಂತ ಅವರು ಕೇಳಿದಾಗ ಬಿಲ್ ತೋರಿಸುವ ಖುಷಿಗೆ ಕಟ್ಟುತ್ತೇನೆ.

ಉತ್ತರವನ್ನು ನನಗೇ ಕಳಿಸಿ. ಅಕ್ಕನ ಮಗನಿಗೆ ಮೆಸೇಜ್ ಹಾಕಬೇಡಿ. ಮೊನ್ನೆ ಅವನಿಗೆ ಸ್ಟೇಜ್ 2 ಮೇಲೆ ಶೇಕಡ 10 ರಿಯಾಯಿತಿ ಅಂತ ಕಳಿಸಿದ್ದೀರಿ.

ಇಂತಿ,
ಕಾರಿನ ಮಾಲೀಕ